ಸಂವೇಗ ಸಂರಕ್ಷಣಾ ನಿಯಮ

ಸಂವೇಗ ಸಂರಕ್ಷಣಾ ನಿಯಮವು ಭೌತಶಾಸ್ತ್ರದ ಮೂಲಭೂತ ನಿಯಮಗಳಲ್ಲಿ ಒಂದು. ಹೊರಗಿನ ಬಲಗಳ ಮೊತ್ತವು ಸೊನ್ನೆಯಾಗಿರುವ ವ್ಯವಸ್ಥೆಯ ಒಟ್ಟು ಸಂವೇಗವು ಬದಲಾಗುವುದಿಲ್ಲ ಎಂಬುದು ಇದರ ಸಾರ. ವಸ್ತುವಿನ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವನ್ನು ಸಂವೇಗ ಎನ್ನುತ್ತಾರೆ. ಸಂವೇಗಕ್ಕೆ ದಿಕ್ಕೂ ಇರುವುದರಿಂದ, ಸಮಾನ ಸಂವೇಗದಿಂದ ಎದುರುಬದುರಾಗಿ ಬರುವ ಎರಡು ವಸ್ತುಗಳ ಒಟ್ಟು ಸಂವೇಗ ಸೊನ್ನೆಯಾಗುತ್ತದೆ.

ಇತಿಹಾಸ

1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕೋರಿಕೆಯಂತೆ ಜಾನ್ ವಾಲಿಸ್, ಕ್ರಿಸ್ಟೋಫರ್ ರೆನ್ ಮತ್ತು ಕ್ರಿಸ್ಟಿಯಾನ್ ಹೈಗೆನ್ಸ್ ಅವರು ಸಂಘಟ್ಟನೆಯ ನಿಯಮಗಳನ್ನು ವಿವೇಚಿಸಿದರು. 1687ರಲ್ಲಿ ಪ್ರಕಟವಾದ ಐಸಾಕ್ ನ್ಯೂಟನ್ನರ ಚಲನೆಯ ನಿಯಮಗಳು ಇದಕ್ಕೆ ಭದ್ರವಾದ ತಳಹದಿಯನ್ನು ಒದಗಿಸಿದವು.

ಸಂಘಟ್ಟನೆಯ ವಿಧಗಳು

* ಸ್ಥಿತಿಸ್ಥಾಪಕ ಸಂಘಟ್ಟನೆ: ಸಂವೇಗ ಮತ್ತು ಚಲನಶಕ್ತಿ ಎರಡೂ ಉಳಿಯುತ್ತವೆ. ಕೇರಂ ಕಾಯಿಗಳ ಬಡಿತವು ಇದಕ್ಕೆ ಸಮೀಪದ ಉದಾಹರಣೆ.
* ಅಸ್ಥಿತಿಸ್ಥಾಪಕ ಸಂಘಟ್ಟನೆ: ಸಂವೇಗ ಉಳಿಯುತ್ತದೆ, ಚಲನಶಕ್ತಿಯ ಒಂದು ಭಾಗವು ಶಾಖ, ಶಬ್ದ ಹಾಗೂ ವಸ್ತುಗಳ ವಿರೂಪಕ್ಕೆ ವ್ಯಯವಾಗುತ್ತದೆ.

ರಸ್ತೆಯ ಉದಾಹರಣೆ

ಹುಣಸೂರು–ಪಿರಿಯಾಪಟ್ಟಣ ಹೆದ್ದಾರಿಯಲ್ಲಿರುವ ಕಂಪಲಾಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯಿದೆ. ಅಲ್ಲಿಗೆ ತಂಬಾಕು ತುಂಬಿಕೊಂಡು ಸೆಕೆಂಡಿಗೆ 10 ಮೀಟರ್ (ಗಂಟೆಗೆ 36 ಕಿ.ಮೀ.) ವೇಗದಲ್ಲಿ ಸಾಗುವ 9,800 ಕಿ.ಗ್ರಾಂ. ತೂಕದ ಲಾರಿಯು, ಸವಾರನೂ ಸೇರಿ 200 ಕಿ.ಗ್ರಾಂ. ಇರುವ, ನಿಂತ ಬೈಕಿಗೆ ಡಿಕ್ಕಿ ಹೊಡೆದು ಅದರೊಡನೆ ಒಂದಾಗಿ ಸಾಗಿತೆಂದು ಭಾವಿಸೋಣ. ಡಿಕ್ಕಿಯ ಅಲ್ಪಕಾಲದಲ್ಲಿ ರಸ್ತೆಯ ಘರ್ಷಣೆಯನ್ನು ಗಣಿಸದಿದ್ದರೆ:

ಮೊದಲಿನ ಸಂವೇಗ = 9,800 × 10 = 98,000 ಕಿ.ಗ್ರಾಂ. ಮೀ/ಸೆ
ನಂತರದ ವೇಗ = 98,000 ÷ 10,000 = 9.8 ಮೀ/ಸೆ

ಎರಡೂ ವಾಹನಗಳ ಸಂವೇಗದಲ್ಲಾದ ಬದಲಾವಣೆಯ ಪ್ರಮಾಣ ಒಂದೇ: 1,960 ಕಿ.ಗ್ರಾಂ. ಮೀ/ಸೆ. ಆದರೆ ಲಾರಿಯ ವೇಗ ಕೇವಲ 0.2 ಮೀ/ಸೆ ತಗ್ಗಿದರೆ, ಬೈಕಿನ ವೇಗ ಕ್ಷಣಾರ್ಧದಲ್ಲಿ 9.8 ಮೀ/ಸೆ ಏರುತ್ತದೆ. ಅಂದರೆ 49 ಪಟ್ಟು ಹೆಚ್ಚು. ಪರಸ್ಪರ ಬಲಗಳು ಸಮನಾಗಿದ್ದರೂ ಅಪಾಯವು ಹಗುರ ವಾಹನದವರಿಗೇ ಹೆಚ್ಚಾಗಿರಲು ಇದೇ ಕಾರಣ. ಈ ಡಿಕ್ಕಿಯಲ್ಲಿ 9,800 ಜೌಲ್ ಚಲನಶಕ್ತಿ ನಷ್ಟವಾಗುತ್ತದೆ.

ಆವೇಗ ಮತ್ತು ಸುರಕ್ಷತೆ

ಬಲ ಹಾಗೂ ಅದು ವರ್ತಿಸುವ ಕಾಲದ ಗುಣಲಬ್ಧವು ಆವೇಗ. ಇದು ಸಂವೇಗದ ಬದಲಾವಣೆಗೆ ಸಮ. ಉದಾಹರಣೆಗೆ, 5 ಕಿ.ಗ್ರಾಂ. ತೂಕದ ತಲೆಯು 6 ಮೀ/ಸೆ ವೇಗದಿಂದ 0.002 ಸೆಕೆಂಡಿನಲ್ಲಿ ನಿಂತರೆ ಸರಾಸರಿ ಬಲ 15,000 ನ್ಯೂಟನ್, 0.01 ಸೆಕೆಂಡಿನಲ್ಲಿ ನಿಂತರೆ 3,000 ನ್ಯೂಟನ್. ಹೆಲ್ಮೆಟ್ಟಿನ ಒಳಪದರವು ತಾನು ಕುಗ್ಗಿ ಈ ಕಾಲವನ್ನು ಹಿಗ್ಗಿಸುತ್ತದೆ. ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್‌ಗಳ ಹಿಂದಿರುವುದೂ ಇದೇ ತತ್ವ.

ಮೈಸೂರಿನ ರಾಕೆಟ್‌ಗಳು

ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇನೆ ಬಳಸಿದ ಕಬ್ಬಿಣದ ಕೊಳವೆಯ ರಾಕೆಟ್‌ಗಳೂ ಈ ನಿಯಮವನ್ನೇ ಅನುಸರಿಸುತ್ತಿದ್ದವು. ಉರಿದ ಮದ್ದಿನ ಅನಿಲವು ಹಿಂದಕ್ಕೆ ಚಿಮ್ಮಿದಾಗ ಅಷ್ಟೇ ಸಂವೇಗವು ಮುಂದಿನ ದಿಕ್ಕಿನಲ್ಲಿ ರಾಕೆಟ್ಟಿಗೆ ದೊರೆಯುತ್ತದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಆ ಕಾಲದವೆಂದು ಗುರುತಿಸಲಾದ ಸಾವಿರದಷ್ಟು ರಾಕೆಟ್‌ಗಳು ದೊರೆತವು.