ತಂತಿಯ ತುದಿಯ ಉಪಕರಣ ಯಾರದು?

1885ರ ಭಾರತೀಯ ತಂತಿ ಅಧಿನಿಯಮದ 4ನೆಯ ಪ್ರಕರಣವು ತಂತಿ ವ್ಯವಸ್ಥೆಯನ್ನು ಸ್ಥಾಪಿಸುವ, ನಿರ್ವಹಿಸುವ ಮತ್ತು ನಡೆಸುವ ಏಕಸ್ವಾಮ್ಯವನ್ನು ಸರ್ಕಾರಕ್ಕೆ ವಹಿಸಿತು. ಮುಂದೆ ದೂರವಾಣಿಯನ್ನೂ ಇದೇ ಕಾನೂನು ಆಳಿತು. ಮನೆಯ ಮೇಜಿನ ಮೇಲಿದ್ದ ಕಪ್ಪು ದೂರವಾಣಿಯು ಬಹುಕಾಲ ಚಂದಾದಾರನ ಸೊತ್ತಾಗಿರಲಿಲ್ಲ, ಅದು ಇಲಾಖೆಯದು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅದನ್ನು ತಯಾರಿಸುತ್ತಿತ್ತು, ಇಲಾಖೆ ಜೋಡಿಸುತ್ತಿತ್ತು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂಬ ಚೆಂದದ ಕನ್ನಡ ಹೆಸರು ನಿಂತಿದೆ.

ಈ ಕಟ್ಟುಪಾಡನ್ನು ಬರಿಯ ಅಧಿಕಾರದಾಹವೆಂದು ತಳ್ಳಿಹಾಕಲಾಗದು. ವಿನಿಮಯ ಕೇಂದ್ರದಿಂದ ಮನೆಗೆ ಬರುವ ಜೋಡಿ ತಂತಿಯಲ್ಲಿ ಸುಮಾರು 48 ವೋಲ್ಟಿನ ನೇರ ವಿದ್ಯುತ್ತು ಇರುತ್ತದೆ. ಕೆಟ್ಟ ಉಪಕರಣವೊಂದು ಮನೆಯ 230 ವೋಲ್ಟನ್ನು ಆ ತಂತಿಗೆ ಹರಿಯಬಿಟ್ಟರೆ ಕಂಬದ ಮೇಲಿನ ಲೈನ್‌ಮನ್‌ನ ಪ್ರಾಣಕ್ಕೇ ಅಪಾಯ. ಸಂಕೇತದ ಬಲ ಮಿತಿ ಮೀರಿದರೆ ಒಬ್ಬರ ಮಾತು ಇನ್ನೊಬ್ಬರ ತಂತಿಯಲ್ಲಿ ಕೇಳಿಸೀತು. ಕರೆಯ ಲೆಕ್ಕವೂ ತಪ್ಪೀತು. ಅಪಾಯ ನಿಜವೇ. ಆದರೆ ಅದನ್ನು ತಡೆಯಲು ಉಪಕರಣದ ಒಡೆತನವೇ ಬೇಕೆ, ಅಥವಾ ಗುಣಮಟ್ಟದ ನಿಯಮ ಸಾಕೆ? ಈ ಪ್ರಶ್ನೆಯನ್ನು ಕೊನೆಮುಟ್ಟ ವಾದಿಸಿದ ನೆಲ ಅಮೆರಿಕ.

ಅಲ್ಲಿ ಏಕಸ್ವಾಮ್ಯವಿದ್ದುದು ಸರ್ಕಾರಕ್ಕಲ್ಲ, ಎಟಿ ಅಂಡ್ ಟಿ ಎಂಬ ಖಾಸಗಿ ಕಂಪನಿಗೆ. ತಾನು ಒದಗಿಸದ ಯಾವುದೇ ಸಾಧನವನ್ನು ದೂರವಾಣಿಗೆ ಲಗತ್ತಿಸಕೂಡದೆಂಬುದು ಅದರ ದರಪಟ್ಟಿಯ ಷರತ್ತು. ಹಷ್-ಎ-ಫೋನ್ ಎಂಬುದು ಮಾತನಾಡುವ ತುದಿಗೆ ಸಿಕ್ಕಿಸುವ ಬಟ್ಟಲಿನಂಥ ಮುಚ್ಚಳ. ಪಕ್ಕದಲ್ಲಿದ್ದವರಿಗೆ ಮಾತು ಕೇಳಿಸದಂತೆ ತಡೆಯುವುದಷ್ಟೇ ಅದರ ಕೆಲಸ. ಅದರಲ್ಲಿ ವಿದ್ಯುತ್ತಿನ ಸಂಪರ್ಕವೇ ಇರಲಿಲ್ಲ. ಆದರೂ ಅದು ನಿಷಿದ್ಧ! ತಯಾರಕರು 1948ರಲ್ಲಿ ಫೆಡರಲ್ ಸಂಪರ್ಕ ಆಯೋಗಕ್ಕೆ ದೂರಿತ್ತರು. ಆಯೋಗವು ಕಂಪನಿಯ ಪಕ್ಷವನ್ನೇ ವಹಿಸಿತು. 1956ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಮಾನವನ್ನು ತಳ್ಳಿಹಾಕಿ, ಸಾರ್ವಜನಿಕರಿಗೆ ಕೇಡಾಗದಿದ್ದಲ್ಲಿ ಚಂದಾದಾರನು ತನ್ನ ದೂರವಾಣಿಯನ್ನು ತನಗೆ ಅನುಕೂಲವಾದಂತೆ ಬಳಸಬಹುದೆಂದು ಹೇಳಿತು.

ಮುಂದಿನ ಮೊಕದ್ದಮೆ ಟೆಕ್ಸಾಸಿನ ಥಾಮಸ್ ಕಾರ್ಟರ್‌ನದು. ದೂರದ ತೈಲಬಾವಿಗಳಲ್ಲಿ ರೇಡಿಯೊ ಹಿಡಿದು ದುಡಿಯುವವರನ್ನು ದೂರವಾಣಿಯ ಮಾತಿಗೆ ಬೆಸೆಯಲು ಅವನು ಕಾರ್ಟರ್‌ಫೋನ್ ಎಂಬ ತೊಟ್ಟಿಲನ್ನು ರೂಪಿಸಿದ್ದ. ರಿಸೀವರನ್ನು ಅದರಲ್ಲಿಟ್ಟರೆ ದನಿ ಗಾಳಿಯ ಮೂಲಕವೇ ದಾಟುತ್ತಿತ್ತು. 1968ರ ಜೂನಿನಲ್ಲಿ ಆಯೋಗವು ಕಂಪನಿಯ ಷರತ್ತನ್ನೇ ಅಸಿಂಧುವೆಂದಿತು. ನನ್ನ ದೃಷ್ಟಿಯಲ್ಲಿ ಈ ತೀರ್ಪಿನ ತಿರುಳು ರುಜುವಾತಿನ ಹೊರೆಯ ಸ್ಥಾನಪಲ್ಲಟದಲ್ಲಿದೆ: ತನ್ನ ಸಾಧನ ನಿರಪಾಯವೆಂದು ಬಳಕೆದಾರನು ಅಂಗಲಾಚುವ ಬದಲು, ಅದು ಅಪಾಯಕಾರಿಯೆಂದು ಜಾಲದ ಒಡೆಯನು ತೋರಿಸಬೇಕಾಯಿತು.

ಕಂಪನಿ ಸುಮ್ಮನೆ ಕೂಡಲಿಲ್ಲ. ಅನ್ಯರ ಸಾಧನವನ್ನು ಜೋಡಿಸಬಹುದು, ಆದರೆ ನಡುವೆ ತನ್ನದೇ ರಕ್ಷಣಾ ಪೆಟ್ಟಿಗೆಯಿರಬೇಕು, ಅದಕ್ಕೆ ತಿಂಗಳ ಬಾಡಿಗೆ ತೆರಬೇಕೆಂದು ಹೊಸ ಷರತ್ತು ತಂದಿತು. ಬಾಗಿಲು ತೆರೆದು ಹೊಸ್ತಿಲಿಗೆ ಸುಂಕ ಹಾಕಿದಂತಾಯಿತು. 1975ರಲ್ಲಿ ಆಯೋಗವು ‘ಭಾಗ 68’ ಎಂಬ ನಿಯಮಾವಳಿ ರಚಿಸಿ ನೋಂದಣಿ ಪದ್ಧತಿಯನ್ನು ತಂದಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಸಾಧನವನ್ನು ಯಾರು ಬೇಕಾದರೂ ನೇರವಾಗಿ ಸಿಕ್ಕಿಸಬಹುದಾಯಿತು. ಮುಂದೆ ಉತ್ತರಿಸುವ ಯಂತ್ರ, ಫ್ಯಾಕ್ಸ್, ಮೋಡೆಮ್‌ಗಳು ಮನೆಮನೆಗೆ ಬಂದುದು ಈ ದಾರಿಯಿಂದಲೇ.

ಭಾರತದ ದಾರಿ ನ್ಯಾಯಾಲಯದ ಮೂಲಕ ಸಾಗಲಿಲ್ಲ. ಸರ್ಕಾರದ ನೀತಿಯೇ ಮೆಲ್ಲಗೆ ಸಡಿಲಿತು. 1984ರಲ್ಲಿ ಚಂದಾದಾರರ ಉಪಕರಣಗಳ ತಯಾರಿಕೆ ಖಾಸಗಿಯವರಿಗೆ ತೆರೆಯಿತು. ಅನುಮೋದನೆಯ ಹೊಣೆ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರಕ್ಕೆ ಬಂತು. 2017ರ ತಿದ್ದುಪಡಿ ನಿಯಮಗಳು ಪರೀಕ್ಷೆ ಮತ್ತು ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿದವು. 2019ರ ಅಕ್ಟೋಬರ್ 1ರಿಂದ ಮೊದಲ ಹಂತ ಜಾರಿಗೆ ಬಂತು. ಈ ಪ್ರಮಾಣಪತ್ರಗಳ ಕಣ್ಣು ವಿದ್ಯುತ್ ಸುರಕ್ಷತೆ, ಕಾಂತೀಯ ಹಸ್ತಕ್ಷೇಪ, ಸಂಕೇತದ ಹೊಂದಾಣಿಕೆಯಂಥ ವಿಷಯಗಳ ಮೇಲೆ. ಬಳಸುವವನ ಭಾಷೆ ಅಲ್ಲಿ ಲೆಕ್ಕಕ್ಕಿಲ್ಲ.

ಭಾಷೆ ಷರತ್ತಾಗಿ ಬಂದುದು ಬೇರೊಂದು ಬಾಗಿಲಿನಿಂದ. ಭಾರತೀಯ ಮಾನಕ ಬ್ಯೂರೋದ ಐಎಸ್ 16333ರ 3ನೆಯ ಭಾಗವನ್ನು 2016ರ ಆದೇಶವೊಂದು ಮೊಬೈಲ್ ಫೋನುಗಳಿಗೆ ಕಡ್ಡಾಯಗೊಳಿಸಿತು. ಇದು ಜಾಲಕ್ಕೆ ಜೋಡಿಸುವ ಷರತ್ತಲ್ಲ, ಮಾರಾಟಕ್ಕೆ ಮುನ್ನಿನ ಷರತ್ತು; ಗಡುವೂ ಮುಂದೂಡಲ್ಪಟ್ಟಿತು. ಅದರಂತೆ ಇಂಗ್ಲಿಷ್, ಹಿಂದಿ ಮತ್ತು ಕನಿಷ್ಠ ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯುವ ಸೌಕರ್ಯವಿರಬೇಕು. ಓದುವ ಸೌಕರ್ಯ ಮಾತ್ರ 22 ಅನುಸೂಚಿತ ಭಾಷೆಗಳಲ್ಲೂ ಇರಬೇಕು.

ಗಡಿಯಾಚೆಯ ಕನ್ನಡಿಗರಿಗೆ ಈ ಎರಡು ಷರತ್ತುಗಳ ಅಂತರ ಸಣ್ಣದಲ್ಲ. ಆ ‘ಇನ್ನೊಂದು ಭಾಷೆ’ ಯಾವುದೆಂದು ನಿಯಮ ಹೇಳುವುದಿಲ್ಲ. ಕಾಸರಗೋಡಿನ ಅಂಗಡಿಯ ಅಗ್ಗದ ಫೋನಿನಲ್ಲಿ ಅದು ಮಲಯಾಳವಾದರೆ, ಸೊಲ್ಲಾಪುರದಲ್ಲಿ ಮರಾಠಿಯಾದರೆ, ನಿಯಮಭಂಗವಾಗದು. ಓದುವ ಷರತ್ತು ಹಾಗಲ್ಲ, ಅದು ರಾಜ್ಯವನ್ನು ಕೇಳುವುದಿಲ್ಲ. ಮೊದಲು ಅಕ್ಷರಗಳ ಜಾಗದಲ್ಲಿ ಬರಿಯ ಚೌಕಗಳನ್ನು ತೋರುತ್ತಿದ್ದ ಅಂಥ ಫೋನಿನಲ್ಲಿ, ಪುತ್ತೂರಿನಿಂದ ಮಗಳು ಕಳುಹಿಸಿದ ಕನ್ನಡದ ಎರಡು ಸಾಲನ್ನು ಬದಿಯಡ್ಕದ ತಾಯಿ ಓದಿಕೊಳ್ಳಬಹುದು. ಉತ್ತರವನ್ನು ಕನ್ನಡದಲ್ಲೇ ಬರೆಯಬಲ್ಲಳೇ ಎಂಬುದು ತಯಾರಕನು ಆರಿಸಿದ ಮೂರನೆಯ ಭಾಷೆಯನ್ನು ಅವಲಂಬಿಸಿದೆ.