ಹುಡುಕಿದರೂ ಸಿಗದ ಕನ್ನಡ: ಮನಗೂಳಿ ಸೀಮೆ, ಅಂತರ್ಜಾಲ ಮತ್ತು ಲಿನಕ್ಸ್

ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ಸಂಪರ್ಕ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೊದಲು ಅದನ್ನು ಕಂಡವು ಮಹಾನಗರಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಎರ್ನೆಟ್ ಎಂಬ ಶೈಕ್ಷಣಿಕ ಜಾಲ ಅದಕ್ಕೂ ಮೊದಲೇ ಇತ್ತು. 1998ರ ಕೊನೆಯಲ್ಲಿ ಖಾಸಗಿ ಕಂಪನಿಗಳಿಗೆ ಪರವಾನಗಿ ಸಿಕ್ಕಿತು. 2000ದ ಅಕ್ಟೋಬರಿನಲ್ಲಿ ಬಿಎಸ್ಸೆನ್ನೆಲ್ ಹುಟ್ಟಿದ ಮೇಲೆ ‘ಸಂಚಾರ್‌ನೆಟ್’ ಕಾರ್ಡು ಕೊಂಡು ದೂರವಾಣಿ ತಂತಿಯ ಮೇಲೆಯೇ ಜಾಲಕ್ಕೆ ಹೋಗುವ ದಾರಿ ಜಿಲ್ಲೆಗಳಿಗೂ ತೆರೆಯಿತು. ಮೋಡೆಮ್ ಕಿರುಗುಟ್ಟಿ ಸಂಪರ್ಕ ಹಿಡಿದಿರುವಷ್ಟು ಹೊತ್ತೂ ಮನೆಗೆ ಬರುವ ಫೋನು ಬಂದ್. ಕರೆಯ ಖರ್ಚು ಬೇರೆ, ಜಾಲದ ಖರ್ಚು ಬೇರೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಬಹುಪಾಲು ರೈತರಿಗೆ ಕಂಪ್ಯೂಟರಿನಲ್ಲಿ ಏನನ್ನಾದರೂ ಹುಡುಕಿಸುವ ಮೊದಲ ಅನುಭವ ಅಂತರ್ಜಾಲದಿಂದ ಬಂದದ್ದಲ್ಲ. ಅದು ತಹಶೀಲ್ದಾರರ ಕಚೇರಿಯ ಭೂಮಿ ಕೇಂದ್ರದಲ್ಲಿ ಆಯಿತು. ಈ ಭಾಗದವರು ಉತಾರ ಎಂದೇ ಕರೆಯುವ ಪಹಣಿ 2001ರ ಹೊತ್ತಿಗೆ ಗಣಕಕ್ಕೆ ಏರಿತ್ತು. ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ದಾಖಲೆಗಳು ಆ ಯೋಜನೆಯಲ್ಲಿದ್ದವು. ಸರ್ವೆ ನಂಬರು ಹೇಳಿ 15 ರೂಪಾಯಿ ಕೊಟ್ಟರೆ ಹೊಲದ ವಿವರ ಕನ್ನಡದಲ್ಲಿ ಅಚ್ಚಾಗಿ ಕೈಗೆ ಬರುತ್ತಿತ್ತು. ಕುಲಕರ್ಣಿಗಳ ಕಾಲದಿಂದ ದಫ್ತರದೊಳಗೆ ಕಟ್ಟಿಟ್ಟಿದ್ದ ಮಾಹಿತಿ ಕೇಳಿದ ಕೂಡಲೇ ಸಿಕ್ಕಿದ್ದು ದೊಡ್ಡ ಬದಲಾವಣೆಯೇ. ಅದು ಸಾಧ್ಯವಾದದ್ದು ಇಡೀ ವ್ಯವಸ್ಥೆ ಒಂದೇ ಬಗೆಯ ಸಂಕೇತದಲ್ಲಿ ಬರೆದು, ಅದೇ ಸಂಕೇತದಲ್ಲಿ ಹುಡುಕುತ್ತಿದ್ದುದರಿಂದ. ಹೊರಗಿನ ಜಾಲದಲ್ಲಿ ಕನ್ನಡಕ್ಕೆ ಆ ಭಾಗ್ಯ ಇನ್ನೂ ಇರಲಿಲ್ಲ.

1994ರಲ್ಲಿ ಬಂದ ಯಾಹೂ ಮೂಲತಃ ಮನುಷ್ಯರೇ ವಿಂಗಡಿಸಿದ ತಾಣಗಳ ಪಟ್ಟಿ. ಪುಟಗಳ ಒಳಗಿನ ಪದಗಳನ್ನೆಲ್ಲ ಸೂಚಿಗೆ ಸೇರಿಸಿ ಹುಡುಕಲು ಕೊಟ್ಟ ಆಲ್ಟವಿಸ್ಟ 1995ರ ಡಿಸೆಂಬರಿನಲ್ಲಿ ಬಂತು. ಯಾವ ಪುಟಕ್ಕೆ ಬೇರೆ ಪುಟಗಳಿಂದ ಹೆಚ್ಚು ಕೊಂಡಿಗಳಿವೆ ಎಂದು ನೋಡಿ ಕ್ರಮ ಕೊಡುವ ಗೂಗಲ್ ಕಂಪನಿಯಾದದ್ದು 1998ರಲ್ಲಿ. ಇವುಗಳ ಮುಂದೆ ಕೂತ ಕನ್ನಡಿಗರು ತಮ್ಮ ಊರನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕಿತ್ತು, ಅಲ್ಲಿಂದಲೇ ತೊಡಕು ಶುರು. ಇದೇ ಸೀಮೆಯ ಊರಾದ ಮನಗೂಳಿಯ 12ನೆಯ ಶತಮಾನದ ಶಾಸನಗಳನ್ನು ಜೆ. ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ ಪ್ರಕಟಿಸಿದಾಗ ಊರಿನ ಹೆಸರು ‘ಮನಗೋಳಿ’ ಎಂದು ಓದುವಂತೆ ಅಚ್ಚಾಯಿತು. ಅದರಲ್ಲೊಂದು ಶಾಸನದಲ್ಲಿ ಬರುವ ಬಸವ ಎಂಬ ಹೆಸರು ವಿದ್ವಾಂಸರ ನಡುವೆ ಬಹುಕಾಲ ಚರ್ಚೆಗೆ ಕಾರಣವಾಗಿತ್ತು. ಅಷ್ಟು ಮಹತ್ವದ ದಾಖಲೆ. ಆದರೆ ಈಗಿನ ಕಾಗುಣಿತದಲ್ಲಿ ಊರಿನ ಹೆಸರು ಕೊಟ್ಟವರಿಗೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರ ಅದನ್ನು ತೋರಿಸಲಾರದು. ಬಾಗೇವಾಡಿಯ ‘ವಾ’ಗೆ ಎರಡು ಇಂಗ್ಲಿಷ್ ಅಕ್ಷರಗಳು ಬಳಕೆಯಲ್ಲಿದ್ದವು. ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾದ ಮೇಲೆ ಜಿಲ್ಲೆಯ ಹೆಸರೂ ಹಳೆಯ ಪುಟಗಳಲ್ಲೊಂದು, ಹೊಸ ಪುಟಗಳಲ್ಲೊಂದು ಎಂದು ಇಬ್ಭಾಗವಾಯಿತು.

ಕನ್ನಡದಲ್ಲೇ ಬರೆದ ಪುಟಗಳು ಇರಲಿಲ್ಲವೆಂದಲ್ಲ. ಯು. ಬಿ. ಪವನಜ 1996ರಲ್ಲೇ ‘ವಿಶ್ವಕನ್ನಡ’ ಜಾಲಪತ್ರಿಕೆ ತಂದರು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕನ್ನಡದ ಬೆರಳುಗಳಿಗೆ ಒಗ್ಗಿಹೋಯಿತು. ಇವರೆಲ್ಲರ ಕೆಲಸ ಇಲ್ಲದಿದ್ದರೆ ಕನ್ನಡ ತೆರೆಯ ಮೇಲೆ ಮೂಡುವುದು ಇನ್ನೂ ತಡವಾಗುತ್ತಿತ್ತು. ಆದರೆ ಆ ಕಾಲದ ಫಾಂಟುಗಳ ಉಪಾಯದಲ್ಲೇ ಒಂದು ಮಿತಿಯಿತ್ತು. ಕಂಪ್ಯೂಟರಿಗೆ ಗೊತ್ತಿದ್ದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿದ್ದರು. ನುಡಿಯಲ್ಲಿ ಬರೆದ ‘ಬಸವಣ್ಣ’ ಕಡತದೊಳಗೆ ಹೇಗಿರುತ್ತದೆಂದು ನೋಡಿದರೆ ವಿಷಯ ತಿಳಿಯುತ್ತದೆ. ‘ಬ’ ಇರುವ ಜಾಗದಲ್ಲಿ ಕಾನೂನು ಪುಸ್ತಕಗಳು ಕಲಮಿನ ಮುಂದೆ ಹಾಕುವ ಗುರುತು. ‘ಸ’ ಮತ್ತು ‘ವ’ಗಳಿಗೆ ಯುರೋಪಿನ ಭಾಷೆಗಳ ಎರಡು ಚಿಕ್ಕ ಚಿಹ್ನೆಗಳು, ಪ್ರತಿಯೊಂದರ ಪಕ್ಕದಲ್ಲೂ ತಲೆಕಟ್ಟಾಗಿ ನಿಂತ, ಮೇಲೆ ಗೀಟಿರುವ ‘ಎ’. ‘ಣ’ಗೆ ಇಂಗ್ಲಿಷಿನ ‘ಟಿ’, ಅದರ ಒತ್ತಿಗೆ ಗೀಟಿರುವ ‘ಯು’. ನುಡಿ ಫಾಂಟು ಇದ್ದ ಯಂತ್ರದಲ್ಲಿ ಇದು ಬಸವಣ್ಣ. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚು. ಸರ್ಚ್ ಎಂಜಿನ್ ಫಾಂಟನ್ನು ನೋಡುವುದಿಲ್ಲ, ಸಂಕೇತವನ್ನಷ್ಟೇ ನೋಡುತ್ತದೆ. ಚಿಹ್ನೆಗಳನ್ನು ಸಾಮಾನ್ಯವಾಗಿ ಕೈಬಿಡುತ್ತದೆ. ಹಾಗಾಗಿ ಬಸವಣ್ಣನ ಹುಟ್ಟೂರು ಬಾಗೇವಾಡಿಯಲ್ಲೇ ಕೂತು ಬಸವಣ್ಣನ ಹೆಸರನ್ನು ಕನ್ನಡದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ನುಡಿಯ ಸಂಕೇತ ಒಂದು, ಮುದ್ರಣಾಲಯಗಳ ಶ್ರೀಲಿಪಿಯದು ಮತ್ತೊಂದು ಆಗಿದ್ದುದರಿಂದ ಕನ್ನಡ ಕನ್ನಡಕ್ಕೇ ಅಪರಿಚಿತವಾಗಿತ್ತು.

ಪರಿಹಾರ ಕಾಗದದ ಮೇಲೆ ಸಿದ್ಧವಿತ್ತು. 1991ರ ಯೂನಿಕೋಡ್ ಎಂಬ ಏಕರೂಪ ಸಂಕೇತ ಪದ್ಧತಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. ಅದರಲ್ಲಿ ಬಸವಣ್ಣ ಎಂದರೆ ಬ, ಸ, ವ, ಣ, ಹಲಂತ ಚಿಹ್ನೆ, ಮತ್ತೆ ಣ. ಜಗತ್ತಿನ ಯಾವ ಯಂತ್ರದಲ್ಲೂ ಅದೇ ಆರು ಸಂಕೇತ. ಆದರೆ ಆ ಆರನ್ನು ಓದಿ ಎರಡನೆಯ ‘ಣ’ವನ್ನು ಒತ್ತಾಗಿ ಕೆಳಗಿಳಿಸುವ ಕೆಲಸ ಕಾರ್ಯಾಚರಣ ವ್ಯವಸ್ಥೆಯದು. ವಿಂಡೋಸ್ 98ಕ್ಕೆ ಅದು ಬರುತ್ತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಬಂದರೂ, ಭಾರತೀಯ ಲಿಪಿಗಳ ಸೌಲಭ್ಯವನ್ನು ಸಿಡಿ ಹಾಕಿ ಬೇರೆಯಾಗಿ ಅಳವಡಿಸಬೇಕಿತ್ತು. ಮಾರಾಟಗಾರರ ದಯೆಗೆ ಕಾಯದೆ ತಾವೇ ತಿದ್ದಬಹುದಾದ ವ್ಯವಸ್ಥೆ ಬೇಕು ಎಂದವರು ಲಿನಕ್ಸ್‌ನತ್ತ ತಿರುಗಿದರು.

ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಭಾರತದಲ್ಲಿ ವ್ಯಾಪಕವಾಗಿ ಹರಡಿದ್ದು ಪತ್ರಿಕೆಯ ಜೊತೆ ಬಂದ ಸಿಡಿಗಳಿಂದ. 1996ರಲ್ಲಿ ‘ಪಿಸಿ ಕ್ವೆಸ್ಟ್’ ಅದನ್ನು ಓದುಗರಿಗೆ ಹಂಚಿತು. ಬೆಳಗಾವಿಯಲ್ಲಿ ಓದಿ ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸ್ ಅದರ ಹಿಂದಿದ್ದ ಪ್ರಮುಖರು. ಸಿಡಿಯೇ ಏಕೆ ಬೇಕಿತ್ತೆಂದು ಲೆಕ್ಕ ಹೇಳುತ್ತದೆ: 650 ಎಂಬಿಯ ಒಂದು ಸಿಡಿಯನ್ನು ಸೆಕೆಂಡಿಗೆ 56 ಕಿಲೋಬಿಟ್‌ನ ದೂರವಾಣಿ ತಂತಿಯಲ್ಲಿ ಇಳಿಸಿಕೊಳ್ಳಲು, ತಂತಿ ಒಮ್ಮೆಯೂ ಕಡಿಯದಿದ್ದರೂ, ಒಂದು ದಿನಕ್ಕಿಂತ ಹೆಚ್ಚು ಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಯೂನಿಕ್ಸ್ ಇದ್ದುದರಿಂದ ಜಿಲ್ಲಾ ಕೇಂದ್ರಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಲಿನಕ್ಸ್ ಬೇಕಾಯಿತು. ಒಂದು ಸಿಡಿ ಕೈಯಿಂದ ಕೈಗೆ ಹೋಗುತ್ತಿತ್ತು.

ಅಳವಡಿಕೆ ಸುಲಭವಿರಲಿಲ್ಲ. ಇಡೀ ಹಾರ್ಡ್‌ಡಿಸ್ಕ್ ವಿಂಡೋಸ್ ಪಾಲಾಗಿರುತ್ತಿತ್ತು. ಅದನ್ನು ಕುಗ್ಗಿಸಿ ಜಾಗ ಮಾಡುವಾಗ ತಪ್ಪಿದರೆ ಇದ್ದದ್ದೆಲ್ಲ ಅಳಿದುಹೋಗುವ ಭಯ. ಎಲ್ಲ ಮುಗಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಲಿಲೋ ಎಂಬ ಚಾಲಕ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಮೂಡಿಸುತ್ತಿತ್ತು. ಒಂದೊಂದು ಅಕ್ಷರ ಒಂದೊಂದು ಹಂತ ದಾಟಿದ್ದರ ಗುರುತು. ‘ಎಲ್’, ‘ಐ’ ಎರಡೇ ಮೂಡಿ ತೆರೆ ಸ್ತಬ್ಧವಾಯಿತೆಂದರೆ ಎರಡನೆಯ ಹಂತದ ಕ್ರಮವಿಧಿ ಸಿಕ್ಕಿದೆ, ಆದರೆ ಓಡುತ್ತಿಲ್ಲ ಎಂದರ್ಥ. ಡಿಸ್ಕಿನ 1024ನೆಯ ಸಿಲಿಂಡರಿನಾಚೆ ಇಟ್ಟದ್ದನ್ನು ಹಳೆಯ ಬಯಾಸ್ ಓದಲಾರದಿದ್ದುದೂ ಇಂಥ ತೊಂದರೆಗಳ ಮೂಲ. ಚಿತ್ರಮಯ ತೆರೆ ಬರಬೇಕಾದರೆ ಮಾನಿಟರಿನ ಅಡ್ಡ ಮತ್ತು ಲಂಬ ಆವೃತ್ತಿಗಳನ್ನು ಬರೆದುಕೊಡಬೇಕಿತ್ತು. ತಪ್ಪು ಕೊಟ್ಟರೆ ಮಾನಿಟರ್ ಹಾಳಾಗಬಹುದೆಂಬ ಎಚ್ಚರಿಕೆ ಜೊತೆಗೇ. ಅಗ್ಗದ ಮೋಡೆಮ್‌ಗಳು ಅರ್ಧ ಕೆಲಸವನ್ನು ವಿಂಡೋಸ್ ತಂತ್ರಾಂಶಕ್ಕೇ ಬಿಟ್ಟಿದ್ದರಿಂದ ಲಿನಕ್ಸ್‌ನಲ್ಲಿ ಮೂಕ. ಪರಿಹಾರ ಜಾಲದಲ್ಲಿದೆ, ಜಾಲಕ್ಕೆ ಹೋಗಲು ಮೋಡೆಮ್ ಇಲ್ಲ.

ಕರೆಂಟು ಇನ್ನೊಂದು ಕಥೆ. ಆಗಿನ ಲಿನಕ್ಸ್ ಬಳಸುತ್ತಿದ್ದ ಎಕ್ಸ್‌ಟಿ2 ಕಡತ ವ್ಯವಸ್ಥೆಯಲ್ಲಿ ವಿದ್ಯುತ್ ಹಠಾತ್ ಹೋದರೆ, ಮರಳಿ ಬಂದಾಗ ಇಡೀ ಡಿಸ್ಕನ್ನು ಪರೀಕ್ಷಿಸದೆ ಯಂತ್ರ ಮುಂದೆ ಹೋಗುತ್ತಿರಲಿಲ್ಲ. ಲೋಡ್ ಶೆಡ್ಡಿಂಗ್ ದಿನಚರಿಯಾಗಿದ್ದ ಊರುಗಳಲ್ಲಿ ಇದು ಪ್ರತಿದಿನದ ಕಾಟ. 2001ರಲ್ಲಿ ಬದಲಾವಣೆಗಳನ್ನು ಮೊದಲು ದಿನಚರಿ ಪುಸ್ತಕದಂತೆ ಬರೆದಿಟ್ಟುಕೊಳ್ಳುವ ಎಕ್ಸ್‌ಟಿ3 ಮೂಲ ಲಿನಕ್ಸ್‌ಗೆ ಸೇರಿದಾಗ ಆ ಕಾಯುವಿಕೆ ಕ್ಷಣಗಳಿಗೆ ಇಳಿಯಿತು. ಲಿನಕ್ಸ್ ಚರಿತ್ರೆಯಲ್ಲಿ ಇದನ್ನು ಹೆಚ್ಚಿನವರು ಎತ್ತಿ ಹೇಳುವುದಿಲ್ಲ, ಆದರೆ ಸಣ್ಣ ಊರುಗಳ ಬಳಕೆದಾರರಿಗೆ ಇದಕ್ಕಿಂತ ದೊಡ್ಡ ಉಪಕಾರ ಆ ವರ್ಷಗಳಲ್ಲಿ ಇನ್ನೊಂದಿಲ್ಲ.

2004ರಲ್ಲಿ ಉಬುಂಟು ಎಂಬ ಲಿನಕ್ಸ್ ಆವೃತ್ತಿ ಬಂತು. ಹೆಸರು, ವಿಳಾಸ ಕೊಟ್ಟರೆ 2011ರವರೆಗೂ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿತ್ತು. ಅಳವಡಿಕೆ ಹಗುರಾಯಿತು. ಕನ್ನಡ ಮಾತ್ರ ಇನ್ನೂ ಒಡೆದೇ ಕಾಣುತ್ತಿತ್ತು: ‘ಮುದ್ದೇಬಿಹಾಳ’ದ ಒತ್ತು ಕೆಳಗಿಳಿಯದೆ ಪಕ್ಕಕ್ಕೆ ಸರಿದು, ‘ಕರ್ನಾಟಕ’ದ ಅರ್ಕಾವತ್ತು ಜಾಗ ತಪ್ಪಿ ನಿಂತಿರುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಕೇದಗೆ, ಮಲ್ಲಿಗೆ ಫಾಂಟುಗಳು, ರೆಡ್ ಹ್ಯಾಟ್‌ನ ಲೋಹಿತ್ ಮುಕ್ತವಾಗಿ ದೊರೆತವು. ಅಕ್ಷರ ಜೋಡಿಸುವ ಪ್ಯಾಂಗೊ ತಂತ್ರಾಂಶ ಕನ್ನಡವನ್ನು ಕಲಿಯಿತು. ಆದರೂ ಫೈರ್‌ಫಾಕ್ಸ್‌ನಲ್ಲಿ ಪ್ಯಾಂಗೊವನ್ನು ಬಳಸು ಎಂದು ಒಂದು ಸಾಲಿನ ಆದೇಶ ಕೊಟ್ಟು ತೆರೆದರೆ ಮಾತ್ರ ಹಲವು ಯಂತ್ರಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತಿತ್ತು. 2008ರ ಫೈರ್‌ಫಾಕ್ಸ್ 3ರಿಂದ ಆ ಗೋಜು ತಪ್ಪಿತು. ಕೆ. ಪಿ. ರಾವ್ ವಿನ್ಯಾಸ ಸ್ಕಿಮ್, ಆಮೇಲೆ ಐಬಸ್ ಎಂಬ ಟೈಪಿಂಗ್ ತಂತ್ರಾಂಶಗಳ ಮೂಲಕ ಲಿನಕ್ಸ್‌ಗೂ ಬಂತು. 2011ರಿಂದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ವಿಷಯವಾರು ವೇದಿಕೆಗಳ ತರಬೇತಿಯಲ್ಲಿ ಉಬುಂಟುವನ್ನೇ ಬಳಸಿದ್ದರಿಂದ ಅದು ಶಾಲೆಗಳ ಪ್ರಯೋಗಾಲಯಕ್ಕೂ ಕಾಲಿಟ್ಟಿತು.

ಓದಲು ಬಂದ ಮೇಲೆ ಹುಡುಕಲು ಏನಾದರೂ ಇರಬೇಕಲ್ಲ. 2003ರ ಜೂನಿನಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’ ತಾಣ. ಎರಡೂ ಯೂನಿಕೋಡ್‌ನಲ್ಲೇ ಇದ್ದುದರಿಂದ ಅಲ್ಲಿ ಬರೆದದ್ದು ಸರ್ಚ್ ಎಂಜಿನ್‌ಗೆ ಸಿಕ್ಕಿತು.

ವಚನಗಳ ಸರದಿ ಆಮೇಲೆ ಬಂತು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿದ್ದುಕೊಂಡು ಮನೆಮನೆ, ಮಠಮಠ ಅಲೆದು ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದವರು. ಅಚ್ಚಿಗಾಗಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಕಟ್ಟಿದರು. ಸಿಂದಗಿ ತಾಲ್ಲೂಕಿನ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯ ಹೊರಬಂತು. ಈ ಸಾಹಿತ್ಯವನ್ನು ಹಳೆಯ ಫಾಂಟ್ ಸಂಕೇತದಿಂದ ಯೂನಿಕೋಡ್‌ಗೆ ತಿರುಗಿಸಿ, ಪದ ಪದವನ್ನೂ ಹುಡುಕಬಲ್ಲಂತೆ 2010ರ ದಶಕದ ಆರಂಭದಲ್ಲಿ ‘ವಚನ ಸಂಚಯ’ವಾಗಿ ರೂಪಿಸಿದವರು ಓಂಶಿವಪ್ರಕಾಶ್ ಮತ್ತು ಗೆಳೆಯರು, ಓ. ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಜೊತೆಗಿದ್ದರು. 200ಕ್ಕೂ ಹೆಚ್ಚು ವಚನಕಾರರ 20,000ಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ, ಯಾರಲ್ಲಿ ಬಂದಿದೆಯೆಂದು ಅಲ್ಲಿ ಒಮ್ಮೆಗೇ ಕಾಣುತ್ತದೆ.

ಉಳಿದದ್ದು ಚಿತ್ರವಾಗಿ ಮಾತ್ರ ಇರುವ ಪುಸ್ತಕಗಳು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಗ್ರಂಥಗಳ ಪುಟಗಳು ಕಣ್ಣಿಗೆ ಅಕ್ಷರ, ಯಂತ್ರಕ್ಕೆ ಬರೀ ಚಿತ್ರ. ಟೆಸೆರಾಕ್ಟ್‌ನಂಥ ಮುಕ್ತ ತಂತ್ರಾಂಶ ಇವನ್ನು ಯೂನಿಕೋಡ್ ಪಠ್ಯವಾಗಿ ಓದಬಲ್ಲದು. ಹಳೆಯ ಮೊಳೆಯಚ್ಚಿನಲ್ಲಿ ಒತ್ತಕ್ಷರ ಮಸುಕಾದ ಕಡೆ ತಪ್ಪುತ್ತದೆ. ಅಂಥ ಪುಟಗಳನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಒಂದೊಂದಾಗಿ ಮೂಲದೊಡನೆ ಹೋಲಿಸಿ ತಿದ್ದುತ್ತಿದ್ದಾರೆ.