ಮುಂಬಯಿಯ ಮಹಾಮಳೆಯ ಮೂಲವೆಲ್ಲಿ?

2005ರ ಜುಲೈ 26ರ ಮಳೆಯನ್ನು ಮುಂಬಯಿ ಕನ್ನಡಿಗರಿಗೆ ಯಾರೂ ನೆನಪಿಸಿಕೊಡಬೇಕಾಗಿಲ್ಲ. ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯವು 944 ಮಿ.ಮೀ. ಮಳೆಯನ್ನು ದಾಖಲಿಸಿತು. ಅಂದರೆ ಒಂದೊಂದು ಚದರ ಮೀಟರ್ ನೆಲದ ಮೇಲೆ 944 ಲೀಟರ್ ನೀರು. ಅದೇ ಅವಧಿಯಲ್ಲಿ, ಅಲ್ಲಿಂದ ಸುಮಾರು 25 ಕಿ.ಮೀ. ದಕ್ಷಿಣಕ್ಕಿರುವ ಕೊಲಾಬಾದಲ್ಲಿ ಬಿದ್ದ ಮಳೆ 74 ಮಿ.ಮೀ. ಆಸುಪಾಸು ಮಾತ್ರ. ಉಪನಗರಗಳು ಮುಳುಗುತ್ತಿದ್ದಾಗ ಕೋಟೆ ಪ್ರದೇಶದ ಕಚೇರಿಗಳಲ್ಲಿ ಕುಳಿತಿದ್ದವರಿಗೆ ಅದರ ಸುಳಿವೇ ಹತ್ತಲಿಲ್ಲವೆಂಬುದು ಈಗ ವಿಚಿತ್ರವೆನಿಸಿದರೂ ಸತ್ಯ. ಆ ದಿನಗಳ ಮಳೆ, ನೆರೆ, ಭೂಕುಸಿತಗಳಿಗೆ ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಮಿಕ್ಕಿ ಜನ ಬಲಿಯಾದರು.

ಇಂತಹ ಮಳೆ ಎಲ್ಲಿ ಹುಟ್ಟುತ್ತದೆ? ಮುಂಬಯಿಯ ಆಕಾಶದಲ್ಲಿ ಎನ್ನುವುದು ಅರ್ಧ ಉತ್ತರ. ಉಳಿದರ್ಧವನ್ನು ಅರಿಯಲು ನಾವು ಬಹುದೂರ ಹೋಗಬೇಕಾಗುತ್ತದೆ.

ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ, ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳ ಆಚೆಗಿನ ಸಾಗರದ ಮೇಲೆ, ನಮ್ಮ ಮಳೆಗಾಲದ ತಿಂಗಳುಗಳಲ್ಲಿ ವಾಯುವಿನ ಒತ್ತಡ ಅಧಿಕವಾಗಿರುತ್ತದೆ. ಇತ್ತ ಕಾದ ಉತ್ತರ ಭಾರತ, ಪಾಕಿಸ್ತಾನಗಳ ನೆಲದ ಮೇಲೆ ಒತ್ತಡ ಕುಸಿದಿರುತ್ತದೆ. ಅಲ್ಲಿಂದ ಹೊರಟ ಗಾಳಿಯು ಪೂರ್ವ ಆಫ್ರಿಕದ ಎತ್ತರದ ಭೂಮಿಗೆ ತಾಗಿ ಅದರ ಮಗ್ಗುಲಲ್ಲೇ ಉತ್ತರಕ್ಕೆ ಸಾಗಿ, ಕೀನ್ಯಾದ ಬಳಿ ಭೂಮಧ್ಯರೇಖೆಯನ್ನು ದಾಟಿ, ಭೂಮಿಯ ತಿರುಗುವಿಕೆಯ ಕಾರಣದಿಂದ ಬಲಕ್ಕೆ ಹೊರಳಿ, ಸೊಮಾಲಿಯಾದ ಕರಾವಳಿಯಿಂದ ಅರಬ್ಬೀ ಸಮುದ್ರದ ಮೇಲೆ ನಮ್ಮತ್ತ ಧಾವಿಸುತ್ತದೆ. ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಇದರ ವೇಗ ಅತಿ ಹೆಚ್ಚು. 1960ರ ದಶಕದ ಕೊನೆಯಲ್ಲಿ ಫಿಂಡ್ಲೇಟರ್ ಎಂಬ ಬ್ರಿಟಿಷ್ ವಿಜ್ಞಾನಿ ಈ ಪ್ರವಾಹದ ಜಾಡನ್ನು ಸ್ಪಷ್ಟವಾಗಿ ಗುರುತಿಸಿದರು. ಶಾಲೆಯಲ್ಲಿ ನಾವು ಓದಿದ ನೈರುತ್ಯ ಮಾರುತ ಇದೇ. ದಾರಿಯುದ್ದಕ್ಕೂ ಸಮುದ್ರದಿಂದ ತೇವವನ್ನು ಹೀರಿಕೊಂಡು ಬರುವ ಈ ಗಾಳಿ ಬಲಗೊಂಡ ವಾರಗಳಲ್ಲಿ ಕೊಂಕಣ, ಉತ್ತರ ಕನ್ನಡ, ಉಡುಪಿಗಳಲ್ಲಿ ಮಳೆ ಬಿರುಸಾಗುತ್ತದೆ. ಸಡಿಲವಾದಾಗ ಆಟಿಯ ತಿಂಗಳಿನಲ್ಲಿಯೂ ಬಿಸಿಲು ಬೀಳುತ್ತದೆ.

ಗಾಳಿ ಬಲಗೊಳ್ಳುವುದೇಕೆ? ಇದಕ್ಕೆ ಪ್ರಮುಖ ಕಾರಣ ನಮ್ಮ ಬೆನ್ನ ಹಿಂದೆ, ಬಂಗಾಳ ಕೊಲ್ಲಿಯಲ್ಲಿದೆ. ರಾಜಸ್ಥಾನದಿಂದ ಕೊಲ್ಲಿಯವರೆಗೆ ಗಂಗಾ ಬಯಲಿನ ಮೇಲೆ ಕಡಿಮೆ ಒತ್ತಡದ ಉದ್ದನೆಯ ಪಟ್ಟಿಯೊಂದು ಮಳೆಗಾಲವಿಡೀ ಹರಡಿರುತ್ತದೆ. ತಜ್ಞರು ಇದನ್ನು ಮಾನ್ಸೂನ್ ಟ್ರಫ್ ಎನ್ನುತ್ತಾರೆ. ಈ ಪಟ್ಟಿ ಉತ್ತರಕ್ಕೆ ಸರಿದು ಹಿಮಾಲಯದ ಬುಡಕ್ಕೆ ಆತುಕೊಂಡರೆ ದೇಶದ ನಡುಭಾಗದಲ್ಲಿ ಮಳೆ ಬಿಡುವು ಕೊಡುತ್ತದೆ, ತಪ್ಪಲಿನಲ್ಲಿ ನೆರೆ ಬರುತ್ತದೆ. ದಕ್ಷಿಣಕ್ಕೆ ಇಳಿದರೆ ಮಧ್ಯ ಭಾರತಕ್ಕೂ ಪಶ್ಚಿಮ ಕರಾವಳಿಗೂ ಮಳೆ. ಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಈ ಪಟ್ಟಿಯ ಗುಂಟವೇ ಪಶ್ಚಿಮಾಭಿಮುಖವಾಗಿ ಸಾಗುತ್ತವೆ. ಒಡಿಶಾದ ಮೇಲಿರುವ ಒಂದು ಸುಳಿ ಸಾವಿರಾರು ಕಿ.ಮೀ. ದೂರದ ಅರಬ್ಬೀ ಸಮುದ್ರದ ಗಾಳಿಯನ್ನು ತನ್ನತ್ತ ಸೆಳೆಯುತ್ತದೆ. ಆ ಸೆಳೆತಕ್ಕೆ ಸಿಕ್ಕ ತೇವದ ಗಾಳಿ ಮೊದಲು ಎದುರಿಸುವುದು ಸಹ್ಯಾದ್ರಿಯ ಗೋಡೆಯನ್ನು. 2005ರ ಆ ವಾರ ನಡೆದದ್ದು ಇದೇ. ಉತ್ತರ ಬಂಗಾಳ ಕೊಲ್ಲಿಯಲ್ಲಿ ಕಾಣಿಸಿಕೊಂಡ ಕುಸಿತವು ಮಧ್ಯ ಭಾರತದತ್ತ ಸರಿಯಿತು, ಇತ್ತ ಕರಾವಳಿಗೆ ಸಮಾನಾಂತರವಾಗಿ ಸಮುದ್ರದ ಮೇಲೂ ಕಡಿಮೆ ಒತ್ತಡದ ಪಟ್ಟಿ ಸಿದ್ಧವಾಗಿತ್ತು. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿ ಕೊಡಗಿನ ಗುಡ್ಡಗಳು ಜಾರಿದಾಗಲೂ ಬಂಗಾಳ ಕೊಲ್ಲಿಯಲ್ಲಿ ಕುಸಿತವಿತ್ತು.

ಮೇಲಿನ ವಾಯುಮಂಡಲದಲ್ಲಿಯೂ ಒಂದು ವ್ಯವಸ್ಥೆಯಿದೆ. ಸುಮಾರು 14-15 ಕಿ.ಮೀ. ಎತ್ತರದಲ್ಲಿ, ಟಿಬೆಟ್ಟಿನ ಮೇಲಿನ ಅಧಿಕ ಒತ್ತಡದ ದಕ್ಷಿಣ ಅಂಚಿನಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ರಭಸದ ಗಾಳಿ ಬೀಸುತ್ತಿರುತ್ತದೆ. ಇದರ ಕುರಿತು 1958ರಲ್ಲಿ ಪ್ರಬಂಧ ಬರೆದವರು ಭಾರತೀಯ ವಿಜ್ಞಾನಿ ಪಿ. ಕೋಟೇಶ್ವರಂ. ಒಲೆಗೆ ಹೊಗೆಗೂಡು ಹೇಗೋ ಮಳೆಮೋಡಗಳಿಗೆ ಈ ಗಾಳಿ ಹಾಗೆ. ಮೇಲೇರಿದ ಗಾಳಿಯನ್ನು ಅದು ಹೊರಗೆಳೆದರೆ ಮಾತ್ರ ಕೆಳಗಿನಿಂದ ಮತ್ತಷ್ಟು ಏರಲು ಅವಕಾಶ.

ಇನ್ನು ಕಾಲದ ಲೆಕ್ಕ. ನಮ್ಮ ಹಿರಿಯರು ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಮಳೆಯನ್ನು ಹದಿನಾಲ್ಕು ದಿನಗಳ ಕಂತುಗಳಲ್ಲಿ ಎಣಿಸಿದರು (ಜುಲೈ 26 ಪುಷ್ಯ ಮಳೆಯ ನಡುವೆ ಬರುತ್ತದೆ). ಮಳೆ ಏಕಪ್ರಕಾರವಾಗಿ ಬಾರದೆ ಅಲೆಅಲೆಯಾಗಿ ಬರುತ್ತದೆಂಬ ಅನುಭವ ಆ ಲೆಕ್ಕದ ಹಿಂದೆ ಇದ್ದಿರಬೇಕು. 1970ರ ದಶಕದ ಆರಂಭದಲ್ಲಿ ಮ್ಯಾಡೆನ್ ಮತ್ತು ಜೂಲಿಯನ್ ಎಂಬ ಅಮೆರಿಕದ ವಿಜ್ಞಾನಿಗಳು ಉಷ್ಣವಲಯದಲ್ಲಿ ಮೋಡಗಳ ಒಂದು ಭಾರೀ ಅಲೆ 30ರಿಂದ 60 ದಿನಗಳಿಗೊಮ್ಮೆ ಪೂರ್ವದತ್ತ ಸಾಗುವುದನ್ನು ತೋರಿಸಿದರು. ಇದು ಹಿಂದೂ ಮಹಾಸಾಗರದ ಮೇಲಿದ್ದಾಗ ಮುಂಗಾರು ಚುರುಕಾಗುವ ಸಂಭವ ಹೆಚ್ಚು.

ಎಲ್ ನಿನೋ ವಿಷಯದಲ್ಲಿ ಪತ್ರಿಕೆಗಳ ಉತ್ಸಾಹ ಸ್ವಲ್ಪ ಅತಿಯಾಯಿತೆಂದು ನಮ್ಮ ಅಭಿಪ್ರಾಯ. ಶಾಂತಸಾಗರದ ನೀರು ಬಿಸಿಯಾದ ವರ್ಷ ಭಾರತದಲ್ಲಿ ಮಳೆ ಕುಗ್ಗುವ ಸಾಧ್ಯತೆಯಿದೆ, ನಿಜ. 2002 ಮತ್ತು 2009ರಲ್ಲಿ ಹಾಗೆಯೇ ಆಯಿತು. ಆದರೆ 1997ರ ಪ್ರಬಲ ಎಲ್ ನಿನೋ ವರ್ಷದಲ್ಲಿ ದೇಶದ ಮಳೆ ಸರಾಸರಿಗಿಂತ ತುಸು ಹೆಚ್ಚೇ ಇತ್ತು. ಅಲ್ಲದೆ ಇವೆಲ್ಲ ನಾಲ್ಕು ತಿಂಗಳ ಒಟ್ಟು ಲೆಕ್ಕಗಳು. ಸರಾಸರಿ ಶಿಲ್ಕು ಸರಿಯಿದ್ದ ಖಾತೆಯಲ್ಲಿಯೂ ಒಂದು ದಿನ ಚೆಕ್ಕು ವಾಪಸಾಗಬಹುದೆಂದು ಬ್ಯಾಂಕಿನಲ್ಲಿ ದುಡಿಯುವ ನಮಗೆ ಚೆನ್ನಾಗಿ ಗೊತ್ತು! 2005ರಲ್ಲಿ ದೇಶದ ಮುಂಗಾರು ಮಳೆ ವಾಡಿಕೆಯ ಶೇ. 99ರಷ್ಟಿತ್ತು, ದಾಖಲೆಯ ಪ್ರಕಾರ ಅದು ಸಾಮಾನ್ಯ ವರ್ಷ. ಎಲ್ ನಿನೋ ತಲೆಯೆತ್ತಿದ 2023ರಲ್ಲಿ ದೇಶದ ಮಳೆ ವಾಡಿಕೆಗಿಂತ ಕಡಿಮೆಯಾಯಿತು. ಅದೇ ವರ್ಷದ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಲವಾಡಿಯ ಮೇಲೆ ಮಳೆಗೆ ನೆನೆದ ಗುಡ್ಡ ಕುಸಿಯಿತು.

ಮುಖ್ಯ ಸಂಗತಿಯೆಂದರೆ ವಾರ್ಷಿಕ ಮೊತ್ತಕ್ಕೂ ಒಂದು ದಿನದ ಅತಿವೃಷ್ಟಿಗೂ ಇರುವ ನಂಟು ಸಡಿಲಗೊಳ್ಳುತ್ತಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವಿಸ್ತಾರ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾದವು. ಆದರೆ ಅಲ್ಲಿನ ಒಟ್ಟು ಮುಂಗಾರು ಮಳೆ ಇಳಿಮುಖವಾಗಿತ್ತು. ಅವರು ಹೇಳುವ ಕಾರಣ ಮೇಲೆ ನಾವು ವರ್ಣಿಸಿದ ಅರಬ್ಬೀ ಸಮುದ್ರದ ಗಾಳಿಯೇ. ಅದರ ಏರಿಳಿತ ಹೆಚ್ಚಾಗಿದೆ, ಏರಿದಾಗ ಬಿಸಿಯಾದ ಸಮುದ್ರದಿಂದ ತೇವವನ್ನು ಒಮ್ಮೆಲೇ ಹೊತ್ತು ತರುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಸುಮಾರು ಶೇ. 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು.

ಹಾಗಾದರೆ 944 ಮತ್ತು 74ರ ಅಂತರ? ಅದನ್ನು ನಿರ್ಧರಿಸಿದುದು ದೂರದ ಸಾಗರಗಳಲ್ಲ. ಗಗನಚುಂಬಿ ಮೋಡಗಳ ಒಂದು ಚಿಕ್ಕ ಗುಂಪು ಉಪನಗರಗಳ ಮೇಲೆ ಗಂಟೆಗಟ್ಟಲೆ ನಿಂತು, ಬಹುಪಾಲು ಮಳೆಯನ್ನು ಮಧ್ಯಾಹ್ನದಿಂದ ರಾತ್ರಿಯವರೆಗಿನ ಅವಧಿಯಲ್ಲೇ ಸುರಿಸಿತು. ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ ಕಟ್ಟಿದ ನಗರದ ಹಳೆಯ ಚರಂಡಿಗಳು, ಒತ್ತುವರಿಯಿಂದ ಸೊರಗಿದ ಮೀಠಿ ನದಿ, ಆ ಮಧ್ಯಾಹ್ನದ ಸಮುದ್ರದ ಉಬ್ಬರ ಎಲ್ಲವೂ ಕೂಡಿದವು. ದೊಡ್ಡ ಪ್ರವಾಹಗಳನ್ನು ಕಂಡು ಕೊಂಕಣಕ್ಕೆ ಭಾರೀ ಮಳೆಯೆಂದು ಕೆಲವು ದಿನ ಮೊದಲೇ ಹೇಳಬಹುದು; ಕುರ್ಲಾಕ್ಕೋ ಕೊಲಾಬಾಕ್ಕೋ ಎಂಬುದು ಗೊತ್ತಾಗುವುದು ಕೆಲವೇ ಗಂಟೆಗಳ ಮುಂಚೆ, ಅದೂ ರಾಡಾರ್ ಇದ್ದರೆ. 2005ರಲ್ಲಿ ಮುಂಬಯಿಗೆ ಡಾಪ್ಲರ್ ರಾಡಾರ್ ಇರಲಿಲ್ಲ. ಆನಂತರ ಕೊಲಾಬಾದಲ್ಲಿ ಒಂದು, 2022ರಲ್ಲಿ ವೆರಾವಲಿಯಲ್ಲಿ ಇನ್ನೊಂದು ಬಂದಿತು.

ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6 ಮಿ.ಮೀ. ಮುಟ್ಟಿದರೆ ಅತಿ ಭಾರೀ, 204.5 ಮಿ.ಮೀ. ಮತ್ತು ಅದಕ್ಕಿಂತ ಹೆಚ್ಚಾದರೆ ಅತ್ಯಧಿಕ. ಈ ಕೊನೆಯ ವರ್ಗಕ್ಕೆ ಮೇಲ್ಮಿತಿಯಿಲ್ಲ. 210 ಮಿ.ಮೀ. ಮಳೆಯೂ 944 ಮಿ.ಮೀ. ಮಳೆಯೂ ಅದೇ ಹೆಸರಿನಡಿ ಬರುತ್ತವೆ. ಕೆಂಪು ಎಚ್ಚರಿಕೆ ಬಂದ ದಿನ ಮನೆಯ ಮುಂದೆ ಬಿಸಿಲಿದ್ದರೆ ‘ಇಲಾಖೆಯವರದು ಯಾವಾಗಲೂ ಇಷ್ಟೇ’ ಎಂದು ನಗುವವರು ಕೊಲಾಬಾದ ಆ 74 ಮಿ.ಮೀ. ಲೆಕ್ಕವನ್ನೂ ನೋಡಬೇಕು, ಆ ದಿನದ ಮಳೆ ಅವರ ಅಂಗಳದಲ್ಲಿ ಬೀಳದೆ ಎರಡು ಸ್ಟೇಷನ್ ಆಚೆ ಬಿದ್ದಿರಬಹುದು.